ಹಳೆಯ ಕಾರಿನ ತಂಪು

ಬೇಸಗೆ ಕಾಲಿಟ್ಟೊಡನೆ ಹಳೆಯ ಕಾರಿನ ಯಜಮಾನರು ಮೆಕ್ಯಾನಿಕ್ಕನಲ್ಲಿಗೆ ಹೋಗುತ್ತಾರೆ. “ಎ.ಸಿ. ಗ್ಯಾಸ್ ಮುಗಿದಿದೆ ಸಾರ್, ತುಂಬಿಸಿಬಿಡೋಣ” ಎನ್ನುತ್ತಾನೆ ಅವನು. ಹಣ ತೆತ್ತು ತಣ್ಣಗೆ ಮನೆಗೆ ಮರಳಿದರೆ, ಮುಂದಿನ ಯುಗಾದಿಗೆ ಮತ್ತೆ ಅದೇ ಬಾಗಿಲು, ಅದೇ ಮಾತು!

ಈ ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದು ಸುತ್ತುತ್ತಲೇ ಇರುತ್ತದೆ. ಹಲವು ವರ್ಷಗಳಲ್ಲಿ ಅಲ್ಪಸ್ವಲ್ಪ ಇಳಿಯುವುದುಂಟು. ವರ್ಷಕ್ಕೊಮ್ಮೆ ಬರಿದಾಗುವುದಾದರೆ ಎಲ್ಲಿಯೋ ಸೋರುತ್ತಿದೆ ಎಂದೇ ಅರ್ಥ. ಗ್ಯಾಸಿನೊಡನೆ ಎಣ್ಣೆಯೂ ಸುತ್ತುವುದರಿಂದ, ಸೋರುವೆಡೆಯಲ್ಲಿ ಜಿಡ್ಡಿನ ಮೇಲೆ ಧೂಳು ಕುಳಿತು ಕಪ್ಪು ಕಲೆಯಾಗಿರುತ್ತದೆ. ಕೊಳವೆಗಳ ಕೀಲುಗಳನ್ನೂ ಕಂಪ್ರೆಸರಿನ ಮುಂಭಾಗವನ್ನೂ ಮೊದಲು ನೋಡಬೇಕು. ತಿಂಗಳುಗಟ್ಟಲೆ ಎ.ಸಿ. ಹಾಕದಿದ್ದರೆ ಕಂಪ್ರೆಸರಿನ ಸೀಲು ಒಣಗುತ್ತದೆ. ಮಳೆಗಾಲದಲ್ಲಿಯೂ ವಾರಕ್ಕೆ ಹತ್ತು ನಿಮಿಷ ಓಡಿಸುವುದು ಲೇಸು. ಗಾಜಿನ ಮಂಜೂ ಕರಗೀತು!

ಗುಂಡಿ ಒತ್ತಿದಾಗ ‘ಟಕ್’ ಎಂಬ ಸದ್ದೇ ಬಾರದಿದ್ದರೆ ಫ್ಯೂಸನ್ನು ಪರೀಕ್ಷಿಸಬೇಕು. ಓಡುವಾಗ ತಂಪಾಗಿದ್ದು ಸಿಗ್ನಲಿನಲ್ಲಿ ನಿಂತಾಗ ಬಿಸಿಗಾಳಿ ಬಂದರೆ, ಸಂದೇಹ ಕಂಡೆನ್ಸರಿನ ಫ್ಯಾನಿನ ಮೇಲೆ.

1990ರ ಸುಮಾರಿನ ಎ.ಸಿ. ಕಾರುಗಳದು ಬೇರೊಂದು ತೊಡಕು. ಅವುಗಳಲ್ಲಿದ್ದ ಆರ್-12 ಅನಿಲ ಓಜೋನ್ ಪದರಕ್ಕೆ ಮಾರಕವೆಂದು 1987ರ ಮಾಂಟ್ರಿಯಲ್ ಒಪ್ಪಂದ ಅದನ್ನು ತಡೆಯಿತು. 2010ರ ಹೊತ್ತಿಗೆ ಭಾರತದಲ್ಲಿಯೂ ಕಾರುಗಳಿಗಾಗಿ ಅದರ ತಯಾರಿಕೆ ನಿಂತಿತು. ಅದರ ಬದಲಿಗೆ ಬಂದ ಆರ್-134ಎ ಅನ್ನು ಹಾಗೆಯೇ ತುಂಬಿದರೆ, ಹಳೆಯ ಖನಿಜ ಎಣ್ಣೆ ಅದರೊಡನೆ ಬೆರೆಯದೆ, ಕಂಪ್ರೆಸರು ಎಣ್ಣೆ ಕಾಣದೆ ಕಚ್ಚಿಕೊಳ್ಳುತ್ತದೆ. ಹಳೆಯ ಎಣ್ಣೆಯನ್ನು ತೊಳೆದು ತೆಗೆದು, ಎಸ್ಟರ್ ಎಣ್ಣೆ ಹಾಕಿ, ಸೀಲುಗಳನ್ನೂ ತೇವ ಹೀರುವ ಡ್ರೈಯರನ್ನೂ ಬದಲಿಸಬೇಕು. ಬಳಿಕ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಪಂಪಿನಿಂದ ಗಾಳಿಯನ್ನೆಲ್ಲ ಹೊರಗೆಳೆಯಬೇಕು. ಹೊಸ ಅನಿಲ ಹಳೆಯ ಅಳತೆಯ ಶೇ. 80–90ರಷ್ಟು ಸಾಕು, ಹೆಚ್ಚು ತುಂಬಿದರೆ ತಂಪು ಹೆಚ್ಚದು, ಒತ್ತಡ ಹೆಚ್ಚೀತು. ಹಳೆಯ ಕಂಡೆನ್ಸರೇ ಉಳಿದರೆ ತಂಪು ತುಸು ಕಡಿಮೆಯಾಗಬಹುದು. ಜಾಗವಿದ್ದರೆ ದೊಡ್ಡದನ್ನು ಕೂಡಿಸುವುದು ಮೇಲು.

ಇಷ್ಟೆಲ್ಲ ಖರ್ಚೇಕೆಂದು ಅಗ್ಗದ ದಾರಿ ತೋರಿಸುವವರುಂಟು: ಅಡಿಗೆಯ ಅನಿಲದ ಜಾತಿಯದನ್ನೇ ತುಂಬಿಬಿಡುತ್ತಾರೆ. ತಂಪೇನೋ ಬರುತ್ತದೆ. ಆದರೆ ತಂಪು ಕೊಡುವ ಸುರುಳಿ ಇರುವುದು ಡ್ಯಾಷ್‌ಬೋರ್ಡಿನ ಹಿಂದೆ, ಕುಳಿತವರ ಮೊಣಕಾಲಿನ ಮುಂದೆ. ಅಲ್ಲಿ ಸೋರಿದರೆ, ಗಾಜು ಏರಿಸಿದ ಕಾರಿನಲ್ಲಿ ಒಂದು ಕಿಡಿ ಸಾಕು. ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ. ಯಾವ ಅನಿಲ, ಯಾವ ಎಣ್ಣೆ, ಎಷ್ಟು ತೂಕ ಎಂಬುದನ್ನು ಬರೆಸಿ ಬಾನೆಟ್ಟಿನ ಒಳಗೆ ಚೀಟಿ ಅಂಟಿಸಿಕೊಂಡೇ ಹಣ ಕೊಡಬೇಕು.