ತುಂಗಾ, ಭದ್ರಾದಲ್ಲಿ ಈಜಿದವರಿಗೆ ಸೇಂಟ್ ಮೇರಿಸ್ ದ್ವೀಪದ ಕಡಲು ಸುರಕ್ಷಿತವೇ?

ಶಿವಮೊಗ್ಗ, ಭದ್ರಾವತಿಯಿಂದ ಬೆಳಿಗ್ಗೆ ಬೇಗ ಹೊರಟು, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿದು ಮಲ್ಪೆ ತಲುಪಿದರೆ ಸೇಂಟ್ ಮೇರಿಸ್ ದ್ವೀಪಕ್ಕೆ ಬೋಟ್ ಸಿಗುತ್ತದೆ. ದಡದಿಂದ ಸುಮಾರು 6 ಕಿ.ಮೀ. ಅಷ್ಟೆ. ಪ್ಯಾಕೇಜ್ ಬೇಡ, ಗೈಡ್ ಬೇಡ. ಆದರೆ ಹೀಗೆ ಸ್ವಂತವಾಗಿ ಹೋಗುವವರನ್ನು ಎಚ್ಚರಿಸಲು ಜೊತೆಯಲ್ಲಿ ಯಾರೂ ಇರುವುದಿಲ್ಲ. ಅಲ್ಲಿ ಇಲ್ಲಿ ಕೇಳಿದ ಮಾತುಗಳನ್ನೇ ನಂಬುತ್ತೇವೆ. ಅವು ಎಷ್ಟು ನಿಜ? ನೋಡೋಣ.

"ಉಪ್ಪುನೀರಿನಲ್ಲಿ ಮುಳುಗುವುದಿಲ್ಲ"

ತಪ್ಪು. ಮಲಗಿದರೂ ತೇಲಿಸುವ ಮೃತ ಸಮುದ್ರದಲ್ಲಿ ಉಪ್ಪು ಶೇ. 34ರ ಆಸುಪಾಸಿನಲ್ಲಿದೆ. ನಮ್ಮ ಅರಬ್ಬಿ ಸಮುದ್ರದಲ್ಲಿ ಇರುವುದು ಶೇ. 3.5ರಷ್ಟು ಮಾತ್ರ. ನದಿಗಿಂತ ತುಸು ಹೆಚ್ಚು ತೇಲಬಹುದು, ಆದರೆ ಜೀವ ಉಳಿಸುವಷ್ಟಲ್ಲ.

"ಹೊಳೆಯಲ್ಲಿ ಈಜಿದವರಿಗೆ ಕಡಲೇನು ಮಹಾ?"

ಹೆಚ್ಚು ಅಪಾಯಕಾರಿ ನಂಬಿಕೆ ಇದೇ. ತುಂಗೆಯಲ್ಲೋ ಭದ್ರಾ ಚಾನೆಲ್‌ನಲ್ಲೋ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ, ಅದು ಕಣ್ಣಿಗೂ ಕಾಣುತ್ತದೆ. ಕಡಲಿನಲ್ಲಿ ಹಾಗಲ್ಲ. ಅಲೆಗಳು ದಡಕ್ಕೆ ತಂದ ನೀರು ವಾಪಸ್ ಹೋಗಲೇಬೇಕು. ಮರಳುದಿಬ್ಬಗಳ ನಡುವೆ ಅಥವಾ ಬಂಡೆಗಳ ಪಕ್ಕದಲ್ಲಿ ಅದು ಕಾಲುವೆಯಂತೆ ಒಟ್ಟಾಗಿ ಕಡಲಿನತ್ತ ನುಗ್ಗುತ್ತದೆ. ಇದೇ ರಿಪ್ ಕರೆಂಟ್. ಜೋರಾದಾಗ ಇದರ ವೇಗ ಸೆಕೆಂಡಿಗೆ 2 ಮೀಟರ್ ದಾಟಬಹುದು. ಇದಕ್ಕೆ ಎದುರಾಗಿ ಈಜಿ ಗೆಲ್ಲುವುದು ಒಳ್ಳೆಯ ಈಜುಗಾರರಿಗೂ ಆಗದು. ಅಲ್ಲಿ ಅಲೆ ಒಡೆಯುವುದು ಕಡಿಮೆ, ಹಾಗಾಗಿ ಶಾಂತವಾಗಿ ಕಾಣುವ ಜಾಗವೇ ಮೋಸ ಮಾಡುತ್ತದೆ.

ಸಿಕ್ಕಿಬಿದ್ದರೆ ಏನು ಮಾಡಬೇಕು? ರಿಪ್ ಕರೆಂಟ್ ನಮ್ಮನ್ನು ದೂರ ಒಯ್ಯುತ್ತದೆ, ಕೆಳಕ್ಕೆ ಎಳೆಯುವುದಿಲ್ಲ. ಜನ ಮುಳುಗುವುದು ಗಾಬರಿ ಮತ್ತು ಸುಸ್ತಿನಿಂದ. ನೇರವಾಗಿ ದಡದ ಕಡೆ ಈಜಬೇಡಿ. ತೇಲುತ್ತಾ ಕೈ ಎತ್ತಿ ಕೂಗಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬನ್ನಿ. ದಡದಲ್ಲಿರುವವರು ನೀರಿಗೆ ಹಾರದೆ ಹಗ್ಗ, ಟ್ಯೂಬ್, ಖಾಲಿ ಕ್ಯಾನ್ ಏನಾದರೂ ಎಸೆಯಲಿ.

"ಕಲ್ಲಿನ ಕಂಬಗಳನ್ನು ಯಾರೋ ಕೆತ್ತಿದ್ದು"

ಅಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಕುಗ್ಗುವಾಗ ಹೀಗೆ ಸೀಳಿತು. ನೋಡಲು ಮೆಟ್ಟಿಲಿನಂತಿವೆ ಎಂದು ಸೆಲ್ಫಿಗಾಗಿ ಅಂಚಿಗೆ ಹೋಗಬೇಡಿ. ಒದ್ದೆ ಕಲ್ಲಿನ ಮೇಲೆ ಪಾಚಿ ಇರುತ್ತದೆ, ಕಾಲು ಜಾರುತ್ತದೆ.

ಹೊರಡುವ ಮುನ್ನ

ಮಳೆಗಾಲದಲ್ಲಿ ದ್ವೀಪಕ್ಕೆ ಬೋಟ್ ಇರುವುದಿಲ್ಲ. ಆಗ "ನಾವು ಬಿಡ್ತೀವಿ ಬನ್ನಿ" ಎಂದು ಯಾರಾದರೂ ಕರೆದರೆ ಹೋಗಬೇಡಿ. ವಾಪಸ್ ಬರುವ ಕೊನೆಯ ಬೋಟ್ ಎಷ್ಟು ಗಂಟೆಗೆ ಎಂದು ಮೊದಲೇ ಕೇಳಿಕೊಳ್ಳಿ. ಬೋಟಿನಲ್ಲಿ ಲೈಫ್ ಜಾಕೆಟ್ ಹಾಕಿಕೊಳ್ಳಿ, ಬಕಲ್ ಬಿಗಿಯಿರಿ. ತುರ್ತು ಸಂಖ್ಯೆ 112, ಕೋಸ್ಟ್ ಗಾರ್ಡ್ 1554.

ಮನೆಯ ಗ್ರೂಪಿಗೆ ದ್ವೀಪದ ಫೋಟೋ ಕಳಿಸುವಾಗ ಇದೊಂದು ಸಾಲನ್ನೂ ಸೇರಿಸಿ: ಸೆಳೆತಕ್ಕೆ ಸಿಕ್ಕರೆ ದಡದ ಕಡೆಗಲ್ಲ, ಪಕ್ಕಕ್ಕೆ ಈಜಬೇಕು.