ಬೀಗರ ತಟ್ಟೆಯಲ್ಲಿ ಇಟಲಿಯ ಚೀಸ್



ಬಂಗಾರಪೇಟೆಯಿಂದ ಓದುಗ ಸೋದರಿಯೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಅವರ ಮಗಳು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕೆಲಸ ಮಾಡುವ ಹುಡುಗಿ. ಅದೇ ರೈಲಿನಲ್ಲಿ ಪರಿಚಯವಾದ ಕೆ.ಜಿ.ಎಫ್.ನ ಆಂಗ್ಲೋ-ಇಂಡಿಯನ್ ಮನೆತನದ ಹುಡುಗನೊಂದಿಗೆ ಮದುವೆ ನಿಶ್ಚಯವಾಗಿದೆ. ಬರುವ ತಿಂಗಳು ಬೀಗರು ಮೊದಲ ಸಲ ಮನೆಗೆ ಬರುತ್ತಾರೆ. "ಅವರ ಮನೇಲಿ ಊಟಕ್ಕೆ ಮುಂಚೆ ಬ್ರೆಡ್ಡು, ಚೀಸು, ಜೊತೆಗೆ ವೈನು ಇಡ್ತಾರಂತೆ. ನಾನು ಉಪ್ಪಿಟ್ಟು ಕೇಸರಿಬಾತು ಇಟ್ಟರೆ ಮಗಳಿಗೆ ನಾಚಿಕೆಯಾಗುತ್ತೋ ಏನೋ. ಆದರೆ ನಮ್ಮ ಯಜಮಾನರು ಕುಡಿತ ಬಿಟ್ಟು ನಾಲ್ಕು ವರ್ಷ ಆಯಿತು. ಮನೆಯೊಳಗೆ ಸೀಸೆ ತರಲೇ?" ಅಂತ ಕೇಳಿದ್ದಾರೆ.

ಇದು ಬರೀ ಅಡುಗೆಯ ಪ್ರಶ್ನೆ ಅಲ್ಲ ಅಂತ ನಿಮಗೇ ಗೊತ್ತಾಗುತ್ತೆ. ಮೊದಲು ತಟ್ಟೆಯ ಮಾತು ಮುಗಿಸೋಣ, ಸೀಸೆಯ ಮಾತು ಆಮೇಲೆ.

ಚಿನ್ನದ ಗಣಿಯ ಊರಿಗೆ ಇಂಥ ತಿಂಡಿ ಹೊಸದೇನಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಹಿಡಿದ ಮೇಲೆ ಅಲ್ಲಿಗೆ ಇಂಗ್ಲೆಂಡಿನ ಕಾರ್ನ್‌ವಾಲಿನವರು ಬಂದರು, ಇಟಲಿಯ ಗಣಿ ಕೆಲಸಗಾರರೂ ಬಂದರು. 1894ರಲ್ಲಿ ನಿಮ್ಮೂರಿಂದ ಮಾರಿಕುಪ್ಪಕ್ಕೆ ರೈಲು ಬಿತ್ತು. ಆಗ ನಿಮ್ಮೂರಿನ ಹೆಸರು ಬೌರಿಂಗ್‌ಪೇಟೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಗಣಿ ಮುಚ್ಚಿದರೂ ಅಡುಗೆಮನೆ ಮುಚ್ಚಲಿಲ್ಲ. ಅಲ್ಲಿಯೇ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಎಂಬುವರು ಆಂಗ್ಲೋ-ಇಂಡಿಯನ್ ಅಡುಗೆಯ ಮೇಲೆ ಎಷ್ಟೋ ಪುಸ್ತಕ ಬರೆದಿದ್ದಾರೆ. ಕ್ರಿಸ್‌ಮಸ್ ಬಂತೆಂದರೆ ಕುಲ್‌ಕುಲ್, ರೋಸ್ ಕುಕ್ಕಿ, ದ್ರಾಕ್ಷಿ ವೈನು ಇಲ್ಲದ ಮನೆ ಆ ಸಮುದಾಯದಲ್ಲಿ ಅಪರೂಪ. ಹಾಗಾಗಿ ನಿಮ್ಮ ಬೀಗರು ವೈನಿನ ಮಾತೆತ್ತಿದರೆ ಅದನ್ನು ಸಾರಾಯಿ ಅಂಗಡಿಯ ಕುಡಿತದ ಜೊತೆ ಸೇರಿಸಬೇಡಿ. ನಮ್ಮ ಸರ್ಕಾರವೂ ಇವೆರಡನ್ನು ಬೇರೆ ಬೇರೆಯಾಗಿಯೇ ಕಂಡಿತು. ಸಾರಾಯಿಯನ್ನು ನಿಷೇಧಿಸಿದ್ದು 2007ರಲ್ಲಿ, ದ್ರಾಕ್ಷಿ ಬೆಳೆಗಾರರಿಗಾಗಿ ವೈನ್ ನೀತಿ ತಂದದ್ದೂ ಅದೇ 2007ರಲ್ಲಿ!

ಈಗ ಚೀಸ್. ಡಬ್ಬಿಯಲ್ಲಿ ಬರುವ ಗಟ್ಟಿ ಚೀಸ್ ಬೇಡ. ಇಟಲಿಯವರ 'ರಿಕೊಟ್ಟಾ' ಮಾಡಿ. ನೋಟಕ್ಕೆ ನಮ್ಮ ಗಿಣ್ಣಿನ ತಂಗಿ, ಕೈಗೆ ಮೃದು, ನಾಲಿಗೆಗೆ ಸಪ್ಪೆ ಸಿಹಿ. ರಿಕೊಟ್ಟಾ ಅಂದರೆ 'ಮತ್ತೆ ಬೇಯಿಸಿದ್ದು' ಎಂದರ್ಥ. ಅವರು ಬೇರೆ ಚೀಸ್ ಮಾಡಿದ ಮೇಲೆ ಉಳಿದ ತಿಳಿನೀರನ್ನು ಎಸೆಯದೆ ಇನ್ನೊಮ್ಮೆ ಕಾಯಿಸಿ, ಅದರಲ್ಲಿ ತೇಲಿ ಬಂದದ್ದನ್ನು ಸೋಸಿಕೊಳ್ಳುತ್ತಾರೆ. ಎಲ್ಲ ಊರಿನ ಗೃಹಿಣಿಯರ ಬುದ್ಧಿಯೂ ಒಂದೇ ನೋಡಿ. ನಮ್ಮ ಮನೆಗಳಲ್ಲಿ ಅಷ್ಟು ತಿಳಿನೀರು ಎಲ್ಲಿಂದ ಬರಬೇಕು? ನೇರವಾಗಿ ಹಾಲಿನಿಂದಲೇ ಮಾಡುವುದು ಸುಲಭ.

ಕೆನೆ ತೆಗೆಯದ ಗಟ್ಟಿ ಹಾಲು 1 ಲೀಟರ್ ತೆಗೆದುಕೊಳ್ಳಿ. ತಿಂಗಳುಗಟ್ಟಲೆ ಕೆಡದ ರಟ್ಟಿನ ಡಬ್ಬಿಯ ಹಾಲು ಇದಕ್ಕೆ ಒಗ್ಗುವುದಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಅರ್ಧ ಚಮಚೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕಾಯಲು ಇಡಿ. ಅಂಚಿನಲ್ಲಿ ನೊರೆ ಕಟ್ಟಿ, ಇನ್ನೇನು ಉಕ್ಕಬೇಕು ಅನ್ನುವಾಗ ಉರಿ ಆರಿಸಿ. ಎರಡರಿಂದ ಮೂರು ದೊಡ್ಡ ಚಮಚೆ ನಿಂಬೆರಸವನ್ನು ಸುತ್ತಲೂ ಬಿಟ್ಟು, ಸೌಟಿನಿಂದ ಎರಡೇ ಸುತ್ತು, ಮೆಲ್ಲಗೆ. ಗರಗರ ತಿರುಗಿಸಿದರೆ ಗಂಟು ಪುಡಿಯಾಗಿ ಮರಳು ಮರಳಾಗುತ್ತೆ. ಮುಚ್ಚಳ ಹಾಕಿ ಹತ್ತು ನಿಮಿಷ ಅದರ ಪಾಡಿಗೆ ಬಿಡಿ. ಬಿಳಿ ಗಂಟು ಮೇಲೆ, ಹಸಿರು ಛಾಯೆಯ ತಿಳಿನೀರು ಕೆಳಗೆ ನಿಲ್ಲುತ್ತೆ. ತೆಳು ಮಲ್ಲು ಬಟ್ಟೆಯಲ್ಲಿ ಸೋಸಿ ಹದಿನೈದು ನಿಮಿಷ ಬಿಟ್ಟರೆ ಸಾಕು. ಭಾರ ಹೇರಬೇಡಿ, ಹಿಂಡಬೇಡಿ. ಹಿಂಡಿದಿರೋ, ಅದು ಪನೀರ್ ಆಯಿತು, ರಿಕೊಟ್ಟಾ ಅಲ್ಲ. ವ್ಯತ್ಯಾಸವೆಲ್ಲ ಇರುವುದು ಇಲ್ಲಿಯೇ.

ಮನೆಯಲ್ಲಿ ಅತ್ತೆಯವರಿದ್ದರೆ 'ಶುಭಕಾರ್ಯದ ಮನೇಲಿ ಹಾಲು ಒಡೆಸ್ತೀಯಲ್ಲೇ' ಅನ್ನಬಹುದು. ತಾನಾಗಿ ಒಡೆದ ಹಾಲು ಅಪಶಕುನವಾದರೆ ಆಗಲಿ, ನಾವಾಗಿ ಒಡೆಸಿದ್ದಕ್ಕೆ ಶಾಸ್ತ್ರ ಏನನ್ನುತ್ತೆ ಅಂತ ಅವರನ್ನೇ ಕೇಳಿ! ರಸಗುಲ್ಲ ತಿನ್ನುವಾಗ ಯಾರೂ ಶಕುನ ನೋಡುವುದಿಲ್ಲ. ಶುದ್ಧ ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಇಟಲಿಯ ಅನೇಕ ಹಳೆಯ ಚೀಸ್‌ಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪು ಹಾಕುತ್ತಾರೆ. ನಿಂಬೆರಸದಲ್ಲಿ ಮಾಡಿದ ಇದಕ್ಕೆ ಆ ಚಿಂತೆಯೇ ಇಲ್ಲ.

ಬಡಿಸುವುದು ಹೀಗೆ. ಬೇಕರಿಯಿಂದ ಗಟ್ಟಿ ಬ್ರೆಡ್ ತಂದು, ಹೋಳುಗಳನ್ನು ಕಾವಲಿಯ ಮೇಲೆ ಗರಿಗರಿಯಾಗಿ ಕಾಯಿಸಿ. ಬಿಸಿಯಿರುವಾಗಲೇ ಸುಲಿದ ಬೆಳ್ಳುಳ್ಳಿ ಎಸಳನ್ನು ಒಂದೇ ಸಲ ಮೇಲೆ ಉಜ್ಜಿ. ರಿಕೊಟ್ಟಾವನ್ನು ಚಮಚೆಯಿಂದ ಧಾರಾಳವಾಗಿ ಹರಡಿ. ಕೋಲಾರದ ಟೊಮೆಟೊಗೆ ಕೊರತೆಯೇ? ಬೀಜ ತೆಗೆದು ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ ಹತ್ತು ನಿಮಿಷ ಇಟ್ಟು, ನೀರು ಬಸಿದು ಮೇಲಿಡಿ. ಆಗತಾನೇ ಕುಟ್ಟಿದ ಕರಿಮೆಣಸು, ಆಲಿವ್ ಎಣ್ಣೆ ಸಿಕ್ಕರೆ ನಾಲ್ಕು ಹನಿ. ಎಳ್ಳೆಣ್ಣೆ ಮಾತ್ರ ಬೇಡ, ಅದರ ವಾಸನೆ ಎಲ್ಲವನ್ನೂ ನುಂಗಿಬಿಡುತ್ತೆ. ಇಟಲಿಯವರು ಇದಕ್ಕೆ 'ಬೇಸಿಲ್' ಎಲೆ ಹಾಕುತ್ತಾರೆ. ಅದು ಬೇರೆ ಯಾವುದೂ ಅಲ್ಲ, ನಮ್ಮ ಕಾಮಕಸ್ತೂರಿಯದೇ ಜಾತಿ! ಹೂಮಾಲೆಗೆ ಕಟ್ಟುವ ಸೊಪ್ಪನ್ನು ತಿನ್ನಬಹುದು ಅಂತ ನಮಗೆ ಹೊಳೆದಿರಲಿಲ್ಲ, ಅಷ್ಟೇ. ಅಂಗಡಿಯ ಹೂಮಾಲೆಯದು ಬೇಡ, ಕುಂಡದಲ್ಲಿ ಬೆಳೆದದ್ದನ್ನು ಚೆನ್ನಾಗಿ ತೊಳೆದು ಹರಿದು ಹಾಕಿ. ಬೀಗರು ಕುಳಿತ ಮೇಲೆಯೇ ಹಚ್ಚಿ ತನ್ನಿ, ಮುಂಚೆ ಮಾಡಿಟ್ಟರೆ ಬ್ರೆಡ್ ಒದ್ದೆಯಾಗುತ್ತೆ. ನಿಮ್ಮೂರಿನ ಹೆಸರಾಂತ ಪಾನಿಪುರಿಯನ್ನು ಇದರ ಜೊತೆ ಇಡಬೇಡಿ. ಆ ತಿಳಿನೀರಿನ ಖಾರದ ಮುಂದೆ ರಿಕೊಟ್ಟಾ ಎಲ್ಲಿ ನಿಂತೀತು!

ಇನ್ನು ವೈನು. ತೊಂದರೆಯಿಲ್ಲದ ಮನೆಗಳವರು ಕೇಳಿದರೆ ಹೇಳುತ್ತೇನೆ. ಹೊಸ ಚೀಸಿಗೆ ಸಿಹಿಯಿಲ್ಲದ ಬಿಳಿ ವೈನು ಹೊಂದುತ್ತೆ. ಸೀಸೆಯ ಮೇಲೆ ಸೊವಿನ್ಯೋಂ ಬ್ಲಾಂ ಅಥವಾ ಶೆನಿನ್ ಬ್ಲಾಂ ಎಂದಿರುತ್ತೆ. ಅದರ ಹುಳಿ ಹಾಲಿನ ಜಿಡ್ಡನ್ನು ಕತ್ತರಿಸುತ್ತೆ, ಬಿಸಿಬೇಳೆಬಾತಿಗೆ ಮಜ್ಜಿಗೆ ಇದ್ದ ಹಾಗೆ. ಕೆಂಪು ವೈನಿನ ಒಗರು ಇಷ್ಟು ಮೆದು ಚೀಸನ್ನು ಅಡಗಿಸಿಬಿಡುತ್ತೆ. ನಂದಿಬೆಟ್ಟದ ಬಳಿ ಗ್ರೋವರ್ ಅವರ ದ್ರಾಕ್ಷಿತೋಟ 1988ರಿಂದ ಇದೆ, ಪರದೇಶದ್ದೇ ಬೇಕೆಂದಿಲ್ಲ. ಚೆನ್ನಾಗಿ ತಣ್ಣಗಿರಲಿ, ಲೋಟದ ಮೂರನೆಯ ಒಂದು ಪಾಲು ಮಾತ್ರ ತುಂಬಿ. 750 ಮಿಲಿಲೀಟರಿನ ಒಂದು ಸೀಸೆ ಐದಾರು ಜನಕ್ಕೆ ಸಾಕು.

ಬಂಗಾರಪೇಟೆಯ ಸೋದರಿಗೆ ಮಾತ್ರ ನನ್ನ ಉತ್ತರ ಬೇರೆ: ಸೀಸೆ ತರಬೇಡಿ. 'ಬೀಗರ ಮುಂದೆ ಒಂದೇ ಒಂದು ಲೋಟ, ಏನಾಗುತ್ತೆ' ಅನ್ನುವವರು ಇದ್ದೇ ಇರುತ್ತಾರೆ. ವೈನಿನಲ್ಲಿಯೂ ನೂರಕ್ಕೆ ಹನ್ನೆರಡು ಹದಿಮೂರು ಪಾಲು ಮದ್ಯಸಾರವಿದೆ. ಚಟವಾಗಿ ಕುಡಿದು ಬಿಟ್ಟವರಿಗೆ ಮೊದಲ ಲೋಟವೇ ಕಷ್ಟದ್ದು, ಐದನೆಯದಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಅವರು ಈಗಲೂ ನುಂಗುತ್ತಿದ್ದರಂತೂ ಸ್ವಲ್ಪ ವೈನೂ ಅಪಾಯ. ಎದೆ ಬಡಿತ, ವಾಂತಿ, ಆಸ್ಪತ್ರೆಗೆ ಓಡುವ ಪಾಡು.

ಆದರೆ ಅವರಿಗೆ ಹೇಳದೆ ನೀವೊಬ್ಬರೇ ತೀರ್ಮಾನ ಮಾಡಬೇಡಿ. "ಬೀಗರು ಬರ್ತಾರೆ, ವೈನು ಇಡೋದು ಬೇಡ ಅಂತಿದೀನಿ, ನೀವೇನಂತೀರಿ?" ಅಂತ ಈಗಲೇ ಕೇಳಿ. ನಾಲ್ಕು ವರ್ಷ ತಡೆದುಕೊಂಡಿರುವವರು ಅವರು. ಆ ಮರ್ಯಾದೆ ಅವರಿಗೆ ಸಲ್ಲಬೇಕು. ಬೀಗಿತ್ತಿಗೆ ಮಗಳ ಕೈಲಿ ಮೊದಲೇ ಹೇಳಿ ಕಳಿಸಿ, ಸುತ್ತುಬಳಸಿ ಬೇಡ. ಇಲ್ಲದಿದ್ದರೆ ಅವರೇ ಪ್ರೀತಿಯಿಂದ ಮನೆಯ ವೈನು ಕಟ್ಟಿಕೊಂಡು ಬಂದಾರು. ಆಗ ಬೇಡ ಅನ್ನುವ ಕಷ್ಟ ನಿಮ್ಮ ಯಜಮಾನರ ಮೇಲೆ ಬೀಳುತ್ತೆ. ಗಣಿ ಊರಿನ ಹೆಂಗಸರಿಗೆ ಕುಡಿತದ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಅರ್ಥ ಮಾಡಿಕೊಳ್ಳುತ್ತಾರೆ.

ಲೋಟಕ್ಕೆ ಏನು ಅಂತೀರಾ? ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿ ಇದೆಯಲ್ಲ, 2013ರಲ್ಲಿ ಭೌಗೋಳಿಕ ಗುರುತು ಪಡೆದದ್ದು. ಅರ್ಧ ಕಿಲೋ ತೊಳೆದು, ಒಂದು ಬಟ್ಟಲು ನೀರಿನಲ್ಲಿ ಸಿಪ್ಪೆ ಸಮೇತ ಹತ್ತು ನಿಮಿಷ ಬೇಯಿಸಿ, ಕಿವುಚಿ ಸೋಸಿ. ಸಕ್ಕರೆ ಎರಡೇ ಚಮಚೆ, ನಿಂಬೆರಸ ಒಂದು ಚಮಚೆ. ಹೆಚ್ಚು ಸಿಹಿ ಮಾಡಿದರೆ ಮಕ್ಕಳ ಶರಬತ್ತಾಗುತ್ತೆ. ಹುಳಿ, ಒಗರು ಎರಡೂ ಇದ್ದರೇ ರಿಕೊಟ್ಟಾಗೆ ಜೊತೆ. ತಣ್ಣಗೆ ಮಾಡಿ, ಕಾಲಿರುವ ಗಾಜಿನ ಲೋಟದಲ್ಲಿ ಎಲ್ಲರಿಗೂ ಒಂದೇ ಥರ ಕೊಡಿ, ಯಜಮಾನರಿಗೂ.

ಉಪ್ಪಿಟ್ಟು, ಕೇಸರಿಬಾತು ಬೇಡ ಅಂತ ನಾನೆಲ್ಲಿ ಅಂದೆ? ಬ್ರೆಡ್ಡಿನ ತಟ್ಟೆ ಖಾಲಿಯಾದ ಮೇಲೆ ಬಿಸಿಯಾಗಿ ತನ್ನಿ. ಉಳಿದ ರಿಕೊಟ್ಟಾ ತಂಪುಪೆಟ್ಟಿಗೆಯಲ್ಲಿ ಎರಡು ದಿನ ಇರುತ್ತೆ. ಸೋಸಿದ ತಿಳಿನೀರನ್ನು ಚೆಲ್ಲಬೇಡಿ, ಮರುದಿನದ ಚಪಾತಿ ಹಿಟ್ಟನ್ನು ಅದರಲ್ಲೇ ಕಲೆಸಿ.