ತುಮಕೂರು ನಗರದ ಪುನರುಜ್ಜೀವನ ಮತ್ತು ನಮ್ಮ ಹೊಣೆ

ತುಮಕೂರು ಎಂಬ ಹೆಸರಿನ ನಿಷ್ಪತ್ತಿಯನ್ನು ಕುರಿತು ನಮ್ಮಲ್ಲಿ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ತುಂಬೆಯ ಗಿಡಗಳು ಹೇರಳವಾಗಿ ಬೆಳೆಯುತ್ತಿದ್ದ ನೆಲವಾದುದರಿಂದ ಇದು ತುಂಬೆಯೂರು ಎನ್ನುವವರು ಕೆಲವರು. ಟುಮುಕಿ ಎಂಬ ಚರ್ಮವಾದ್ಯವನ್ನು ಬಾರಿಸುತ್ತಿದ್ದ ಸ್ಥಳವಾದುದರಿಂದ ಈ ಹೆಸರು ಬಂದಿತೆನ್ನುವವರು ಮತ್ತೆ ಕೆಲವರು. ಇವುಗಳಲ್ಲಿ ಯಾವುದು ಶಬ್ದಶಾಸ್ತ್ರಕ್ಕೆ ಸಮ್ಮತವೆಂಬ ಚರ್ಚೆಗೆ ಇದು ಸ್ಥಳವಲ್ಲ. ಆದರೆ ಇಂದಿನ ನಗರವನ್ನು ನೋಡುವವನ ಕಣ್ಣಿಗೆ ತುಂಬೆಯ ಬಯಲುಗಳು ಬೀಳವು; ಮಲಗಿದವರನ್ನು ಎಚ್ಚರಿಸುವ ವಾದ್ಯದ ಆವಶ್ಯಕತೆ ಮಾತ್ರ ಎದ್ದು ತೋರುತ್ತದೆ. ಈ ಸ್ಮರಣ ಸಂಪುಟವನ್ನು ಓದುವ ಅಧ್ಯಾಪಕರು, ಹಿರಿಯ ವಿದ್ಯಾರ್ಥಿಗಳು, ದಾನಿಗಳು ಎಲ್ಲರೂ ಈ ನಗರದ ಹಿತಚಿಂತಕರಾದುದರಿಂದ ಕೆಲವು ಮಾತುಗಳನ್ನು ಸಂಕೋಚವಿಲ್ಲದೆ ನಿವೇದಿಸುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ಒಂದು ಕಾಲಕ್ಕೆ ತೆಂಗು, ಅಡಕೆಗಳ ವ್ಯಾಪಾರದಿಂದ ಬಾಳುತ್ತಿದ್ದ ಜಿಲ್ಲಾ ಪಟ್ಟಣವಿದು. 2011ರ ಜನಗಣತಿಯ ವೇಳೆಗೆ ಇಲ್ಲಿಯ ಜನಸಂಖ್ಯೆ ಮೂರು ಲಕ್ಷವನ್ನು ದಾಟಿತ್ತು. ಬೆಂಗಳೂರು ಎಪ್ಪತ್ತು ಕಿಲೋಮೀಟರಿನಷ್ಟು ಸಮೀಪದಲ್ಲಿದೆ. ಹಿರೇಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದಿವೆ. ನೆರೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾಯಿತು. ವಿದ್ಯೆಯನ್ನರಸಿ ಬರುವ ಮಕ್ಕಳು, ಕೂಲಿಯನ್ನರಸಿ ಬರುವ ಸಂಸಾರಗಳು, ಮಳೆ ಕೈಕೊಟ್ಟ ತಾಲ್ಲೂಕುಗಳಿಂದ ಗಂಟುಮೂಟೆ ಕಟ್ಟಿಕೊಂಡು ಬರುವ ರೈತರು, ಕನ್ನಡವನ್ನೇ ಅರಿಯದ ದೂರದ ರಾಜ್ಯಗಳ ಕಾರ್ಮಿಕರು, ಇವರೆಲ್ಲರೂ ಸೇರಿ ಇಂದಿನ ತುಮಕೂರು ಆಗಿದೆ. ಊರು ಬೆಳೆದಿದೆ ಎಂಬುದರಲ್ಲಿ ಸಂದೇಹವಿಲ್ಲ. ಬೆಳೆದ ಊರು ಬಂದವರನ್ನೆಲ್ಲ ತನ್ನವರೆಂದು ಎಣಿಸಿದೆಯೆ ಎಂಬುದೇ ವಿಚಾರಣೀಯವಾದ ಪ್ರಶ್ನೆ.

2016ರಲ್ಲಿ ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಗೆ ನಮ್ಮ ನಗರ ಆಯ್ಕೆಯಾಯಿತು. 2025ರ ಮಾರ್ಚ್ ಅಂತ್ಯಕ್ಕೆ ಆ ಯೋಜನೆಯ ಅವಧಿ ಮುಗಿಯಿತು. ಈ ನಡುವೆ ರಸ್ತೆಗಳನ್ನು ಅಗೆದರು, ಮುಚ್ಚಿದರು. ಅಮಾನಿಕೆರೆಯ ಏರಿ ಅಲಂಕೃತವಾಯಿತು. ಮಹಾತ್ಮ ಗಾಂಧಿ ಕ್ರೀಡಾಂಗಣ ಹೊಸ ರೂಪ ತಾಳಿತು. ಆದ ಕೆಲಸವನ್ನು ಹೀಗಳೆಯುವುದು ಸಜ್ಜನರ ಲಕ್ಷಣವಲ್ಲ. ವರ್ಷಗಟ್ಟಲೆ ಧೂಳು ಕುಡಿದ ನಾಗರಿಕರಿಗೆ ಈ ಸೌಕರ್ಯಗಳು ಸಲ್ಲಬೇಕಾದುವೇ. ಆದರೆ ಕಲ್ಲು, ಕಬ್ಬಿಣ, ದೀಪಗಳಿಂದ ಕಟ್ಟಿದ್ದು ನಗರದ ಶರೀರ. ಅದರ ಚೈತನ್ಯ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಅರಿಯಲು ಅದೇ ಅವಧಿಯಲ್ಲಿ ಇಲ್ಲಿ ನಡೆದ ಎರಡು ಸಂಗತಿಗಳನ್ನು ನೆನೆಯಬೇಕಾಗಿದೆ.

2022ರ ನವೆಂಬರ್ ತಿಂಗಳಿನಲ್ಲಿ, ತಮಿಳುನಾಡಿನಿಂದ ಬಂದು ನಗರದ ಒಂದು ಬಡಾವಣೆಯಲ್ಲಿ ಬಾಡಿಗೆಗೆ ವಾಸವಾಗಿದ್ದ ತುಂಬು ಗರ್ಭಿಣಿಯೊಬ್ಬಳನ್ನು ನೆರೆಯವರು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರು. ಆಕೆಯ ಬಳಿ ತಾಯಿ ಕಾರ್ಡ್ ಇರಲಿಲ್ಲ, ಆಧಾರ್ ಚೀಟಿಯೂ ಇರಲಿಲ್ಲ. ಚಿಕಿತ್ಸೆ ದೊರೆಯದೆ ಮನೆಗೆ ಮರಳಿದ ಆ ತಾಯಿ ಮನೆಯಲ್ಲೇ ಅವಳಿ ಶಿಶುಗಳನ್ನು ಹೆತ್ತು, ಶಿಶುಗಳೊಡನೆಯೇ ಕಣ್ಣುಮುಚ್ಚಿದಳು. ಆಕೆಯ ಎಳೆಯ ಮಗಳೊಬ್ಬಳು ತಬ್ಬಲಿಯಾದಳು. ನಾಡಿನ ಪತ್ರಿಕೆಗಳೆಲ್ಲ ಇದನ್ನು ವರದಿ ಮಾಡಿದುವು. ಕರ್ತವ್ಯಲೋಪಕ್ಕಾಗಿ ಸಿಬ್ಬಂದಿಯ ಅಮಾನತೂ ಆಯಿತು. ಮರುವರ್ಷ, 2023ರ ಜುಲೈನಲ್ಲಿ, ನಗರದಿಂದ ದೂರವಲ್ಲದ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ, ಸೂತಕದ ಕಟ್ಟಳೆಯಂತೆ ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಲಾಗಿತ್ತು. ಮಳೆ, ಚಳಿಗಳ ನಡುವೆ ಕೂಸು ಅಸ್ವಸ್ಥವಾಗಿ ತೀರಿಕೊಂಡಿತು.

ಒಂದು ಆಸ್ಪತ್ರೆಯನ್ನಾಗಲಿ ಒಂದು ಸಮುದಾಯವನ್ನಾಗಲಿ ದೂಷಿಸುವುದಕ್ಕಾಗಿ ನಾನು ಇವನ್ನು ಇಲ್ಲಿ ಬರೆಯುತ್ತಿಲ್ಲ. ಆ ಹಟ್ಟಿಯ ಜನ ಅಕ್ಷರದಿಂದಲೂ ಸೌಕರ್ಯದಿಂದಲೂ ತಲೆಮಾರುಗಳ ಕಾಲ ವಂಚಿತರಾದವರು. ಅವರ ಮೌಢ್ಯದಲ್ಲಿ ನಮ್ಮ ಉಪೇಕ್ಷೆಗೂ ಪಾಲುಂಟು. ಆಲೋಚಿಸಿ ನೋಡಿದರೆ ಈ ಎರಡು ಸಂಗತಿಗಳ ಮೂಲ ಒಂದೇ ಎಂಬುದು ಹೊಳೆಯುತ್ತದೆ. ಹಟ್ಟಿಯಲ್ಲಿ ಹಳೆಯ ಕಟ್ಟಳೆ ತಾಯಿಯನ್ನು ಹೊರಗಿಟ್ಟಿತು. ನಗರದಲ್ಲಿ ಹೊಸ ಕಾಗದ ತಾಯಿಯನ್ನು ಹೊರಗಿಟ್ಟಿತು. ಹಟ್ಟಿಯವರನ್ನು ಅನಾಗರಿಕರೆಂದು ಕರೆಯುವ ನಾವು, ಕಾಗದವಿಲ್ಲದ ಕಾರಣಕ್ಕೆ ಹೆರಿಗೆಯ ನೋವಿನಲ್ಲಿದ್ದವಳನ್ನು ಹಿಂದಕ್ಕೆ ಕಳುಹಿಸಿದ ನಗರವನ್ನು ಯಾವ ಹೆಸರಿನಿಂದ ಕರೆಯೋಣ? ನಾಗರಿಕ ಎಂಬ ಶಬ್ದ ನಗರದಿಂದ ಹುಟ್ಟಿತು. ನಗರದಲ್ಲಿ ವಾಸಿಸುವ ಮಾತ್ರಕ್ಕೆ ಆ ಶಬ್ದದ ಅರ್ಥ ನಮಗೆ ಸಲ್ಲುವುದಿಲ್ಲ.

ಹೊರಗಿಡುವ ಈ ಅಭ್ಯಾಸವೇ ನಮ್ಮ ನಗರದ ಮೂಲವ್ಯಾಧಿಯೆಂದು ನನ್ನ ಅಭಿಮತ. ಮನುಷ್ಯರ ವಿಷಯದಲ್ಲಿ ಮಾತ್ರವಲ್ಲ, ಉಳಿದ ವ್ಯವಹಾರಗಳಲ್ಲಿಯೂ ಇದೇ ಕಾಣಬರುತ್ತದೆ. ಮನೆಯ ಕಸವನ್ನು ಹೊಸ್ತಿಲಿನಿಂದಾಚೆಗೆ ಹಾಕಿದೊಡನೆ ನಮ್ಮ ಹೊಣೆ ತೀರಿತೆಂದು ಎಣಿಸುತ್ತೇವೆ. ಆ ಕಸ ಅಜ್ಜಗೊಂಡನಹಳ್ಳಿಯನ್ನು ಸೇರುತ್ತದೆ. ನೊಣ, ದುರ್ವಾಸನೆಗಳನ್ನು ಅಲ್ಲಿಯ ಜನ ಸಹಿಸಬೇಕು. ಒಳಚರಂಡಿಯ ನೀರು ಭೀಮಸಂದ್ರದತ್ತ ಹರಿಯುತ್ತದೆ. ಕೆಟ್ಟ ಕೆರೆಯನ್ನು ಅಲ್ಲಿಯವರು ನೋಡುತ್ತಿರಬೇಕು. ಬೆಳಗಿನ ಜಾವ ಬೀದಿಯನ್ನು ಗುಡಿಸುವ ಪೌರಕಾರ್ಮಿಕರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಮನುಷ್ಯರನ್ನು ಮಲದ ಗುಂಡಿಗೆ ಇಳಿಸುವುದು ದಂಡನಾರ್ಹ ಅಪರಾಧವೆಂದು 2013ರಲ್ಲಿಯೇ ಕಾಯಿದೆಯಾಗಿದೆ. ಕಾಯಕವೇ ಕೈಲಾಸವೆಂದು ಗೋಡೆಯ ಮೇಲೆ ಬರೆಸುವ ನಾವು, ನಮಗಾಗಿ ಅತ್ಯಂತ ಕಠಿನವಾದ ಕಾಯಕ ಮಾಡುವವರನ್ನು ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುತ್ತೇವೆಯೆ?

ನೀರಿನ ವಿಷಯ ಇನ್ನೂ ಗಂಭೀರವಾದುದು. ನಗರ ಕುಡಿಯುವ ಹೇಮಾವತಿ ನಮ್ಮ ಜಿಲ್ಲೆಯ ನದಿಯಲ್ಲ. ಹಾಸನ ಜಿಲ್ಲೆಯ ಗೊರೂರಿನ ಜಲಾಶಯದಿಂದ ಹೊರಟು, ಬಾಗೂರು-ನವಿಲೆಯ ಸುರಂಗವನ್ನು ಹಾದು, ನಾಲೆಯಲ್ಲಿ ಹರಿದು ಬಂದು ಅದು ಬುಗುಡನಹಳ್ಳಿಯ ಕೆರೆಯಲ್ಲಿ ನಿಲ್ಲುತ್ತದೆ. ಈ ನೀರಿನ ನಿಮಿತ್ತವಾಗಿ ಇತ್ತೀಚೆಗೆ ಒಡಹುಟ್ಟಿದವರಂತಿದ್ದ ತಾಲ್ಲೂಕುಗಳ ನಡುವೆ ಮನಸ್ತಾಪ ಬೆಳೆದಿದೆ. ನಾಲೆಯ ಕೊನೆಯಲ್ಲಿರುವ ಕುಣಿಗಲ್ಲಿಗೆ ನೀರು ಸರಿಯಾಗಿ ಮುಟ್ಟುವುದಿಲ್ಲವೆಂಬುದು ಅಲ್ಲಿಯವರ ಬಹುಕಾಲದ ಅಳಲು. ಅದಕ್ಕಾಗಿ ಕೈಗೊಂಡ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯಿಂದ ತಮ್ಮ ಪಾಲು ಕುಗ್ಗುವುದೆಂಬುದು ಗುಬ್ಬಿ, ತುಮಕೂರು ಮೊದಲಾದ ತಾಲ್ಲೂಕುಗಳ ರೈತರ ಭೀತಿ. 2025ರ ಮೇ ತಿಂಗಳಿನಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಸಾವಿರಾರು ಜನ ಸೇರಿ ಪ್ರತಿಭಟಿಸಿದರು. ಎರಡೂ ಕಡೆಯ ಅಳಲು ಸುಳ್ಳಲ್ಲ. ಆದರೆ ಕುಣಿಗಲ್ಲಿನವನು ಕಳ್ಳನೆಂದೂ ಗುಬ್ಬಿಯವನು ಹೊಟ್ಟೆಕಿಚ್ಚಿನವನೆಂದೂ ಆಡುವ ಮಾತು ಕೇಳಿದಾಗ ಮನಸ್ಸು ಮರುಗುತ್ತದೆ. ನಗರದ ಸಮೀಪದ ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ನದಿ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯವನ್ನು ಸೇರುತ್ತದೆ. ಈ ಮೂರೂ ಊರುಗಳ ಬಾಂಧವ್ಯವನ್ನು ಆ ನದಿ ಎಂದೋ ಕಟ್ಟಿಟ್ಟಿದೆ. ಕೆರೆಗೆ ಬಲಿಯಾದವರನ್ನು ಹಾಡಿನಲ್ಲಿ ನೆನೆಯುವ, ಕುಣಿಗಲ್ ಕೆರೆಯ ಚೆಲುವನ್ನು ಹಾಡಿ ತಣಿಯುವ ನಾಡಿನ ಜನ ನೀರಿಗಾಗಿ ಪರಸ್ಪರ ಬೈದಾಡುವುದು ಶೋಭಿಸದು. ನಡುವೆ ಕುಳಿತ ನಗರವಾದರೋ ತನ್ನ ನಲ್ಲಿಯಲ್ಲಿ ನೀರು ಬರುವವರೆಗೆ ಈ ಜಗಳ ತನ್ನದಲ್ಲವೆಂದು ಸುಮ್ಮನಿರುತ್ತದೆ. ಸೋರುವ ಕೊಳವೆಗಳನ್ನು ಸರಿಪಡಿಸಿ, ಮಳೆನೀರನ್ನು ಹಿಡಿದಿಟ್ಟು, ಬಳಸಿದ ನೀರನ್ನು ಶುದ್ಧಗೊಳಿಸಿ ಕೆರೆಗೆ ಬಿಡುವ ನಗರಕ್ಕೆ ಮಾತ್ರ ಈ ವ್ಯಾಜ್ಯದಲ್ಲಿ ಹಿತವಚನ ಹೇಳುವ ಅಧಿಕಾರವುಂಟು.

ಹಾಗಾದರೆ ಭರವಸೆಗೆ ಎಡೆಯಿಲ್ಲವೆ? ಖಂಡಿತವಾಗಿಯೂ ಉಂಟು. ಹೊರಗಿಡುವ ರೋಗ ಈ ನೆಲಕ್ಕೆ ಹುಟ್ಟಿನಿಂದ ಬಂದುದಲ್ಲ. ಒಳಗೊಳ್ಳುವ ಗುಣವೇ ಇಲ್ಲಿಯದು. ನಗರದ ಅಂಚಿನ ಗೂಳೂರಿನ ಸಮೀಪದಲ್ಲಿರುವ ಕೈದಾಳವನ್ನು ಜಕಣಾಚಾರಿಯ ಐತಿಹ್ಯದಿಂದ ಎಲ್ಲರೂ ಬಲ್ಲರು. ಅಲ್ಲಿಯ ಶಾಸನವನ್ನು ಓದಿದವರು ಕಡಮೆ. ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ, ಹೊಯ್ಸಳ ನರಸಿಂಹನ ಆಳಿಕೆಯಲ್ಲಿ, ಸಾಮಂತ ಗೂಳಿ ಬಾಚಿದೇವನು ಅಲ್ಲಿ ಶಿವಾಲಯವನ್ನೂ ವಿಷ್ಣುವಿನ ಆಲಯವನ್ನೂ ಜಿನಾಲಯವನ್ನೂ ಕಟ್ಟಿಸಿ, ಕೆರೆಗಳನ್ನೂ ತೋಡಿಸಿದನು. ತನ್ನ ದೇವರೊಬ್ಬನಿಗೆ ಗುಡಿ ಕಟ್ಟಿ ಅವನು ತೃಪ್ತನಾಗಲಿಲ್ಲ. ನೆರೆಯವನ ದೇವರಿಗೂ, ಎಲ್ಲರ ಬಾಯಾರಿಕೆಗೂ ನೆಲೆ ಕಲ್ಪಿಸಿದನು.

ದೂರದ ಕಾಲದ ಮಾತು ಸಾಲದೆಂದರೆ ಸಮೀಪದ ನಿದರ್ಶನವುಂಟು. ಗುಬ್ಬಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ವ್ಯಾಪಾರದಿಂದ ಅಭಿವೃದ್ಧಿ ಹೊಂದಿದ ತೋಟದಪ್ಪನವರು 1903ರಲ್ಲಿ ಅಲ್ಲಿಯ ರೈಲು ನಿಲ್ದಾಣದ ಎದುರಿಗೆ ಧರ್ಮಛತ್ರವನ್ನು ಕಟ್ಟಿಸಿದರು. ಓದುವ ಬಡಮಕ್ಕಳಿಗೆ ನಿಲಯದ ಆಸರೆಯನ್ನೂ ಒದಗಿಸಿದರು. ದೊಡ್ಡ ನಗರಕ್ಕೆ ಹೊಸದಾಗಿ ಬಂದಿಳಿಯುವವನಿಗೆ ಮೊದಲ ರಾತ್ರಿಯ ದಿಗಿಲು ಎಂಥದೆಂಬುದು ಆ ಪುಣ್ಯಪುರುಷರಿಗೆ ತಿಳಿದಿತ್ತು. ಇನ್ನು ಸಿದ್ಧಗಂಗೆಯ ವಿಷಯವನ್ನು ಹೇಳಬೇಕಾಗಿಯೇ ಇಲ್ಲ. 2019ರ ಜನವರಿ 21ರಂದು ಲಿಂಗೈಕ್ಯರಾದ ಪರಮಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳವರು ನಡೆಸಿದ ತ್ರಿವಿಧ ದಾಸೋಹದಲ್ಲಿ, ಉಣ್ಣಲು ಕುಳಿತ ಮಗುವಿನ ಕುಲವನ್ನು ಯಾರೂ ಕೇಳಲಿಲ್ಲ. ಅಂತಹ ಪಂಕ್ತಿ ನಡೆಯುತ್ತಿರುವಾಗಲೇ, ಅದಕ್ಕೆ ಕೂಗಳತೆಯಲ್ಲಿರುವ ನಗರದಲ್ಲಿ, ಕಾಗದವಿಲ್ಲದ ತಾಯಿಗೆ ಹಾಸಿಗೆ ಸಿಗಲಿಲ್ಲ. ದಾಸೋಹವು ಮಠದ ಆವರಣದಲ್ಲಿಯೇ ಉಳಿದು ನಗರದ ಬೀದಿಗೆ ಇಳಿಯಲಿಲ್ಲವೆಂದೇ ಇದರ ಅರ್ಥ. ಇದರ ದೋಷ ದಾಸೋಹದ್ದಲ್ಲ. ಅದನ್ನು ನೋಡಿ ಕೈಮುಗಿದು ಮನೆಗೆ ಹೋಗುವ ನಮ್ಮದು.

ಇದೆಲ್ಲ ಸರ್ಕಾರದ ಕೆಲಸವೆಂದು ಹೇಳುವವರುಂಟು. ಅದು ಅರ್ಧ ಸತ್ಯ. ಸಂವಿಧಾನದ ಎಪ್ಪತ್ನಾಲ್ಕನೆಯ ತಿದ್ದುಪಡಿ 1993ರಿಂದ ಜಾರಿಯಲ್ಲಿದ್ದು, ಮೂರು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ವಿಧಿಸುತ್ತದೆ. ನಮ್ಮ ನಗರ ಆ ಗೆರೆಯನ್ನು ದಾಟಿ ಬಹುಕಾಲವಾಯಿತು. ಬಡಾವಣೆಯ ಕಸ, ನೀರು, ದೀಪಗಳ ವಿಚಾರದಲ್ಲಿ ಕುಳಿತು ಮಾತನಾಡುವ ಹಕ್ಕನ್ನು ಶಾಸನವೇ ನಮಗೆ ಕೊಟ್ಟಿರುವಾಗ, ಆ ಪೀಠವನ್ನು ಬರಿದಾಗಿ ಬಿಟ್ಟು ಸರ್ಕಾರವನ್ನು ನಿಂದಿಸುವುದು ಉಚಿತವಲ್ಲ.

ಆದುದರಿಂದ ಈ ಸಂಪುಟದ ಓದುಗರಲ್ಲಿ ಮೂರು ವಿನಂತಿಗಳು. ಮೊದಲನೆಯದು ಸಹಾಧ್ಯಾಪಕರಲ್ಲಿ. ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣದಿಂದ ಮಗುವಿಗೆ ಪ್ರವೇಶ ನಿರಾಕರಿಸಬಾರದೆಂದೂ, ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶವನ್ನು ತಡೆಯಬಾರದೆಂದೂ 2009ರ ಶಿಕ್ಷಣ ಹಕ್ಕು ಕಾಯಿದೆ ಸ್ಪಷ್ಟವಾಗಿ ನುಡಿಯುತ್ತದೆ. ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಮರಳಿನ ರಾಶಿಯ ಮೇಲೆ ಆಡುತ್ತಿರುವುದನ್ನು ಕಂಡ ಅಧ್ಯಾಪಕನು ಅವರನ್ನು ಹತ್ತಿರದ ಶಾಲೆಗೆ ಕೈಹಿಡಿದು ಕರೆತರಲಿ. ಆ ಮಕ್ಕಳಿಗೆ ಕನ್ನಡ ಕಲಿಸುವುದು ಕನ್ನಡ ಪಂಡಿತನಿಗೆ ಯಾವ ಸನ್ಮಾನಕ್ಕಿಂತಲೂ ಮಿಗಿಲಾದ ಭಾಷಾಸೇವೆ. ನಗರದ ಭಾಷೆಯನ್ನು ಕೊಟ್ಟವನು ನಗರವನ್ನೇ ಕೊಟ್ಟಂತೆ.

ಎರಡನೆಯದು ಹಿರಿಯ ವಿದ್ಯಾರ್ಥಿಗಳಲ್ಲಿ. ನಿಮ್ಮಲ್ಲಿ ವೈದ್ಯರುಂಟು, ಎಂಜಿನಿಯರುಗಳುಂಟು, ವಕೀಲರುಂಟು, ಸರ್ಕಾರಿ ಅಧಿಕಾರಿಗಳುಂಟು. ವರ್ಷಕ್ಕೊಮ್ಮೆ ಗುರುವಂದನೆಗೆ ಬರುವಾಗ ಹಾರ, ಶಾಲುಗಳಿಗೆ ಬದಲಾಗಿ ನಿಮ್ಮ ವಿದ್ಯೆಯ ಒಂದು ದಿನವನ್ನು ತನ್ನಿರಿ. ಚೀಟಿಯಿಲ್ಲದವರಿಗೆ ಚೀಟಿ ಮಾಡಿಸಿಕೊಡಲು, ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯರನ್ನು ಕಂಡು ಹಿರಿಯರೊಡನೆ ವಿನಯದಿಂದ ಮಾತನಾಡಲು, ಬಡಾವಣೆಯ ಕೆರೆಯ ನೀರನ್ನು ಪರೀಕ್ಷಿಸಿ ಜನರಿಗೆ ತಿಳಿಸಲು ಅದು ಸಾಲುತ್ತದೆ. ಅಧಿಕಾರದ ಮೇಜಿನ ಹಿಂದೆ ಕುಳಿತಿರುವವರಿಗೆ ಇನ್ನೂ ಒಂದು ಮಾತು: ಎದುರಿಗೆ ನಿಂತವರ ಮುಖವನ್ನು ಮೊದಲು ನೋಡಿ, ಕಾಗದವನ್ನು ಆಮೇಲೆ ಕೇಳಿರಿ. ಈ ಶಾಲೆ ನಿಮಗೆ ಅಕ್ಷರ ಕಲಿಸುವಾಗ ಅನುಸರಿಸಿದ ಕ್ರಮವೂ ಅದೇ ಆಗಿತ್ತು.

ಮೂರನೆಯದು ದಾನಿಗಳಲ್ಲಿ. ಮಹಾದ್ವಾರ, ಸಭಾಮಂಟಪಗಳ ಮೇಲೆ ಹೆಸರು ಕೆತ್ತಿಸುವುದು ತಪ್ಪಲ್ಲ. ಆದರೆ ಆಸ್ಪತ್ರೆಗೆ ಬರುವ ಹಳ್ಳಿಯವರು ತಂಗಲು ನಗರದಲ್ಲಿ ಒಂದು ಛತ್ರ, ಗರ್ಭಿಣಿಯರನ್ನು ಕರೆದೊಯ್ಯಲು ರಾತ್ರಿಯಲ್ಲಿಯೂ ದೊರೆಯುವ ಒಂದು ವಾಹನ, ಪೌರಕಾರ್ಮಿಕರ ಮಕ್ಕಳಿಗೆ ಒಂದು ವಿದ್ಯಾರ್ಥಿವೇತನ, ಇವು ತೋಟದಪ್ಪನವರ ಪರಂಪರೆಗೆ ಸೇರುವ ದಾನಗಳು. ಅಂತಹ ಛತ್ರದ ಬಾಗಿಲಿನಲ್ಲಿ ಗುಬ್ಬಿಯವರೂ ಕುಣಿಗಲ್ಲಿನವರೂ ಒಟ್ಟಿಗೆ ಚಾಪೆ ಹಾಸಿಕೊಂಡು ಮಲಗುವುದಾದರೆ, ನಾಲೆಯ ಜಗಳದ ಬಿಸಿಯೂ ಸ್ವಲ್ಪ ಆರೀತು.

ಇವು ದೊಡ್ಡ ಯೋಜನೆಗಳಲ್ಲ. ಇದಕ್ಕೆ ಸಾವಿರ ಕೋಟಿ ಬೇಕಾಗಿಲ್ಲ. ನಗರವೆಂಬುದು ಒಂದೇ ದಿನದಲ್ಲಿ ಕೆಡಲಿಲ್ಲ, ಒಂದೇ ದಿನದಲ್ಲಿ ಸರಿಹೋಗುವುದೂ ಇಲ್ಲ. ಆದರೆ ಅಂದು ತಾಯಿಯನ್ನು ಕಳೆದುಕೊಂಡ ಹೆಣ್ಣುಮಗು ಎಲ್ಲಿಯೋ ಬೆಳೆಯುತ್ತಿದೆ. ಅಂಥ ಮಕ್ಕಳು ದೊಡ್ಡವರಾಗಿ ತುಮಕೂರಿನ ಹೆಸರನ್ನು ಕೇಳಿದಾಗ ಏನು ನೆನೆಯಬೇಕೆಂಬುದನ್ನು ನಿಶ್ಚಯಿಸುವವರು ನಾವು. ಈ ಸಂಪುಟದ ಮುಂದಿನ ಸಂಚಿಕೆ ಬರುವಷ್ಟರಲ್ಲಿ ಮೇಲೆ ಹೇಳಿದುವುಗಳಲ್ಲಿ ಒಂದು ಕಾರ್ಯವಾದರೂ ಆರಂಭವಾಗಿದ್ದರೆ ನಗರದ ಪುನರುಜ್ಜೀವನ ಮೊದಲಾಯಿತೆಂದು ಧೈರ್ಯವಾಗಿ ಬರೆಯಬಹುದು. ಆ ಧೈರ್ಯವನ್ನು ಓದುಗ ಮಹನೀಯರು ದಯಪಾಲಿಸಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.